ರೇಷ್ಮೆ ಬಟ್ಟೆ ಕತ್ತರಿಯ ಅಲಗುಗಳ ನಡುವೆ ಮಡಚಿಕೊಳ್ಳುತ್ತಿದೆ: ಯಾವ ಕತ್ತರಿ ಕೊಳ್ಳಲಿ?

ಪ್ರಶ್ನೆ: ಹಸಿರುದಾರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನಾನು ಮನೆಯಲ್ಲಿಯೇ ರವಿಕೆ ಮತ್ತು ಮಕ್ಕಳ ಲಂಗಗಳನ್ನು ಹೊಲಿದುಕೊಡುತ್ತಿದ್ದೇನೆ. ಇದುವರೆಗೆ ಎಲ್ಲ ಕೆಲಸಕ್ಕೂ ಹತ್ತು ಅಂಗುಲದ ಒಂದೇ ಕತ್ತರಿ. ಹತ್ತಿ ಬಟ್ಟೆಯಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತೇನೆ. ಆದರೆ ಕ್ರೇಪ್ ರೇಷ್ಮೆಯನ್ನೋ ಜಾರ್ಜೆಟ್ಟನ್ನೋ ಕತ್ತರಿಸಲು ಹೊರಟರೆ ಬಟ್ಟೆ ತುಂಡಾಗುವ ಬದಲು ಎರಡು ಅಲಗುಗಳ ನಡುವೆ ಮಡಚಿಕೊಂಡು ಕಚ್ಚಿಕೊಳ್ಳುತ್ತದೆ. ಸಾಣೆ ಹಿಡಿಸಿ ತಂದ ಮೇಲೂ ಇದು ತಪ್ಪಲಿಲ್ಲ. ನಾನು ಎಡಗೈಯವಳಾದ್ದರಿಂದ ಕೆಲಸ ಸ್ವಲ್ಪ ನಿಧಾನ, ಹಾಗೂ ಚಾಕ್‌ಪೀಸಿನಿಂದ ಎಳೆದ ಗೆರೆ ಕಾಣಿಸಲು ಪ್ರತಿ ಬಾರಿಯೂ ತಲೆ ಬಾಗಿಸಿ ನೋಡಬೇಕಾಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಕುತ್ತಿಗೆಯ ಸುತ್ತ ಹೊಲಿಗೆ ಹಾಕಿದ ಮೇಲೆ ಒಳಗಿನ ಮಾರ್ಜಿನ್ (ಹೊಲಿಗೆಯಾಚೆ ಉಳಿದ ಬಟ್ಟೆ) ತೆಗೆಯುವಾಗ, ಕಳೆದ ತಿಂಗಳು ಕತ್ತರಿಯ ತುದಿ ಕೆಳಗಿನ ರೇಷ್ಮೆಗೆ ತಗುಲಿ ಕಾಲು ಅಂಗುಲ ಸೀಳಿತು. ಗಿರಾಕಿಯ ಸೀರೆಯಲ್ಲೇ ಬಂದ ರವಿಕೆ ಬಟ್ಟೆ ಅದು. ಬೇರೆ ತುಂಡು ಸಿಗುವಂತಿರಲಿಲ್ಲ. ಈಗ ಎರಡು ಕತ್ತರಿ ಕೊಳ್ಳುವಷ್ಟು ಹಣ ಕೂಡಿಟ್ಟಿದ್ದೇನೆ. ಹಲ್ಲುಹಲ್ಲಾದ ಅಲಗಿನ ಜಿಗ್‌ಜಾಗ್ ಕತ್ತರಿ ತಂದರೆ ಓವರ್‌ಲಾಕ್ (ಅಂಚಿನ ಎಳೆ ಬಿಡದಂತೆ ಹಾಕಿಸುವ ಹೊಲಿಗೆ) ಖರ್ಚು ಉಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1: ಕತ್ತರಿಮೇಜು, ಹುಬ್ಬಳ್ಳಿ

ತಂಗಿ, ನಾನು ಮೂವತ್ತು ವರ್ಷಗಳಿಂದ ಟೈಲರ್ ಅಂಗಡಿ ನಡೆಸುತ್ತಿದ್ದೇನೆ. ಬಟ್ಟೆ ಕತ್ತರಿಸಲು ನನ್ನ ಕೈಯಲ್ಲಿರುವುದು ಉತ್ತರ ಪ್ರದೇಶದ ಮೀರತ್‌ನ ಕತ್ತರಿ. ಹಳೆಯ ವಾಹನಗಳ ಗುಜರಿ ಉಕ್ಕನ್ನು ಕಾಸಿ, ಬಡಿದು ಅದನ್ನು ಮಾಡುತ್ತಾರೆ. 2013ರಲ್ಲಿ ಮೀರತ್ ಕತ್ತರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಎಂಬ ಮಾತು ಆ ಕತ್ತರಿಯ ಬಗ್ಗೆ ಅಲ್ಲಿ ರೂಢಿಯಲ್ಲಿದೆ. ನನ್ನ ಕತ್ತರಿಯೂ ನಮ್ಮ ತಂದೆಯವರ ಕಾಲದ್ದು.

ಹಿಡಿ ಮೇಲಕ್ಕೆ ಬಾಗಿರುವ ಕತ್ತರಿಯನ್ನೇ ಆರಿಸಿಕೊಳ್ಳಿ. ಬಾಗಿದ ಹಿಡಿಯಿದ್ದರೆ ಕೆಳಗಿನ ಅಲಗು ಮೇಜಿಗೆ ಅಂಟಿಕೊಂಡೇ ಸಾಗುತ್ತದೆ, ಬಟ್ಟೆ ಮೇಲೇಳುವುದಿಲ್ಲ, ಗುರುತು ಹಾಕಿದ ಅಳತೆ ಕದಲುವುದಿಲ್ಲ. ಕತ್ತರಿಸುವಾಗ ಪ್ರತಿ ಸಲ ತುದಿಯವರೆಗೆ ಮುಚ್ಚಬೇಡಿ. ತುದಿಗೆ ಸ್ವಲ್ಪ ಮೊದಲೇ ನಿಲ್ಲಿಸಿ, ಮತ್ತೆ ತೆರೆದು ಮುಂದೆ ತಳ್ಳಿದರೆ ಅಂಚಿನಲ್ಲಿ ಹಲ್ಲುಹಲ್ಲಾದ ಗುರುತು ಬೀಳುವುದಿಲ್ಲ.

ಸಾಣೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅಲಗಿನ ಹೊರಬದಿಯಲ್ಲಿ ಅಂಚಿಗುಂಟ ಇರುವ ಇಳಿಜಾರನ್ನು ಮಾತ್ರ ಸಾಣೆಗೆ ಕೊಡಬೇಕು, ಒಳಮೈಯನ್ನು ಎಂದಿಗೂ ಉಜ್ಜಿಸಬಾರದು. ಒಳಮೈ ನಡುವೆ ತುಸು ತಗ್ಗಾಗಿರುವುದರಿಂದಲೇ ಎರಡು ಅಲಗುಗಳು ಅಂಚಿನಲ್ಲಷ್ಟೇ ಒಂದನ್ನೊಂದು ಮುಟ್ಟುತ್ತಾ ಹೋಗುತ್ತವೆ. ಆ ತಗ್ಗು ಸವೆದರೆ ಎಷ್ಟೇ ಹರಿತವಿದ್ದರೂ ಬಟ್ಟೆ ಮಡಚಿಕೊಳ್ಳುತ್ತದೆ. ಬೀದಿಯಲ್ಲಿ ಬಂದ ಸಾಣೆಯವರೊಬ್ಬರು ನನ್ನ ಒಳ್ಳೆಯ ಕತ್ತರಿಯೊಂದನ್ನು ಹೀಗೆಯೇ ಕೆಡಿಸಿದರು, ಆ ನೋವು ಇನ್ನೂ ಇದೆ. ನಿಮ್ಮದರ ತಿರುಪು ಸಡಿಲವಾಗಿದೆಯೇ, ಒಳಮೈ ಉಜ್ಜಿದ ಗುರುತಿದೆಯೇ ಎಂದು ಮೊದಲು ನೋಡಿ. ಆ ಕತ್ತರಿಯಲ್ಲಿ ಕಾಗದ ಕತ್ತರಿಸಬೇಡಿ, ಜರಿಯ ಅಂಚಿಗೂ ಬೇರೆ ಹಳೆಯ ಕತ್ತರಿ ಇಟ್ಟುಕೊಳ್ಳಿ. ಸಂಜೆ ಒಣ ಬಟ್ಟೆಯಿಂದ ಒರೆಸಿ, ಆಗಾಗ ತಿರುಪಿನ ಬಳಿ ಒಂದು ಹನಿ ಮಷಿನ್ ಎಣ್ಣೆ ಬಿಡಿ.

ಉತ್ತರ 2: ಪ್ಯಾಚ್‌ವರ್ಕ್, ಮೈಸೂರು

ನಿಮ್ಮ ರೇಷ್ಮೆ ಸೀಳಿದ್ದನ್ನು ಓದಿ ಬೇಸರವಾಯಿತು. ಆ ಕೆಲಸಕ್ಕೆಂದೇ ಇರುವುದು ಅಪ್ಲಿಕ್ ಕತ್ತರಿ. ಅದರ ಒಂದು ಅಲಗು ಬಾತುಕೋಳಿಯ ಕೊಕ್ಕಿನಂತೆ ಅಗಲವಾಗಿ, ಚಪ್ಪಟೆಯಾಗಿರುತ್ತದೆ. ಕತ್ತರಿಸಬೇಕಾದ ಪದರದ ಕೆಳಗೆ ಆ ಅಗಲ ಅಲಗನ್ನು ಜಾರಿಸಿದರೆ ಅದು ಅಡಿಯ ಬಟ್ಟೆಯನ್ನು ಒತ್ತಿಹಿಡಿದು ದೂರವಿಡುತ್ತದೆ, ಹಾಗಾಗಿ ಹೊಲಿಗೆಗೆ ತೀರ ಹತ್ತಿರ ಹೋದರೂ ತುದಿ ಕೆಳಗಿಳಿಯುವ ಭಯವಿರುವುದಿಲ್ಲ. ಪ್ಯಾಚ್ ಇಟ್ಟ ಹೂವಿನ ಸುತ್ತ ಉಳಿದ ಬಟ್ಟೆ ತೆಗೆಯಲು ನಾನು ದಿನವೂ ಅದನ್ನೇ ಬಳಸುತ್ತೇನೆ. ಕುತ್ತಿಗೆಯ ತಿರುವಿನಲ್ಲಿ ಕಚ್ಚು (ಅಂಚಿನಲ್ಲಿ ಸಣ್ಣ ಸಣ್ಣ ಸೀಳು) ಹಾಕಲು ಮಾತ್ರ ನಾಲ್ಕು ಅಂಗುಲದ ಚೂಪು ತುದಿಯ ಕಸೂತಿ ಕತ್ತರಿಯೇ ಬೇಕು.

ಜಿಗ್‌ಜಾಗ್ ಕತ್ತರಿಯ ವಿಷಯದಲ್ಲಿ ಅಂಗಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಅಂಚನ್ನು ಚಿಕ್ಕ ಚಿಕ್ಕ ಓರೆಗಳಾಗಿ ಕತ್ತರಿಸುವುದರಿಂದ ಬಿಟ್ಟುಕೊಳ್ಳುವ ಎಳೆಗಳು ಗಿಡ್ಡವಾಗಿರುತ್ತವೆ, ಅಷ್ಟೇ. ಪಾಪ್ಲಿನ್‌ನಂಥ ಒತ್ತಾದ ನೇಯ್ಗೆಗೆ ಅಷ್ಟು ಸಾಕು, ಆದರೆ ಕ್ರೇಪ್ ಮತ್ತು ಜಾರ್ಜೆಟ್ ಎರಡು ಒಗೆತಕ್ಕೇ ಎಳೆ ಬಿಡಲು ಶುರುಮಾಡುತ್ತವೆ. ರೇಷ್ಮೆ ರವಿಕೆಗೆ ಓವರ್‌ಲಾಕ್ ಮಾಡಿಸಲೇಬೇಕು. ಮುಂದೆಂದಾದರೂ ಜಿಗ್‌ಜಾಗ್ ಕೊಂಡರೆ ಹೊಲಿದಾದ ಮೇಲೆ ಮಾರ್ಜಿನ್‌ಗೆ ಮಾತ್ರ ಬಳಸಿ, ಪ್ರತಿ ಸಲವೂ ಹಿಂದೆ ಕತ್ತರಿಸಿದ ಕೊನೆಯ ಹಲ್ಲುಗಳಲ್ಲಿ ಅಲಗಿನ ಹಲ್ಲುಗಳನ್ನು ಕೂರಿಸಿಕೊಂಡೇ ಮುಂದುವರಿಯಿರಿ. ಸಾಮಾನ್ಯ ಸಾಣೆಯಲ್ಲಿ ಅದನ್ನು ಹರಿತ ಮಾಡಲಾಗುವುದಿಲ್ಲ ಎಂಬುದೂ ನೆನಪಿರಲಿ.

ಉತ್ತರ 3: ಎಡಗೈಯವ, ಬೆಂಗಳೂರು

ಮೇಡಂ, ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲರೂ ದಾಟಿಹೋದ ಒಂದು ಸಾಲಿದೆ: ನೀವು ಎಡಗೈಯವರು. ನಾನೂ ಹಾಗೆಯೇ, ಹಾಗಾಗಿ ನಿಮ್ಮ ಎರಡು ಲಕ್ಷಣಗಳನ್ನು ಓದಿದ ಕೂಡಲೇ ಗುರುತು ಹಿಡಿದೆ.

ಬಲಗೈ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು ಮುಚ್ಚುವಾಗ ಹೆಬ್ಬೆರಳು ತನಗೆ ಅರಿವಿಲ್ಲದೆಯೇ ಹಿಡಿಯನ್ನು ಹೊರಕ್ಕೆ ತಳ್ಳುತ್ತದೆ, ಬೆರಳುಗಳು ಒಳಕ್ಕೆ ಎಳೆಯುತ್ತವೆ, ಇದರಿಂದ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಅದೇ ಕತ್ತರಿ ಎಡಗೈಗೆ ಬಂದರೆ ಅದೇ ಒತ್ತಡ ಅಲಗುಗಳನ್ನು ಬೇರ್ಪಡಿಸುತ್ತದೆ. ದಪ್ಪ ಹತ್ತಿಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ತೆಳು ರೇಷ್ಮೆ ಮಾತ್ರ ಆ ಸಂದಿಯಲ್ಲಿ ಮಡಚಿಕೊಂಡುಬಿಡುತ್ತದೆ. ಮೇಲಿನ ಅಲಗು ಬಲಕ್ಕಿರುವುದರಿಂದ ಗೆರೆಯೂ ನಿಮಗೆ ಮರೆಯಾಗುತ್ತದೆ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಕತ್ತರಿಯ ತುದಿಯನ್ನು ಮುಂದಕ್ಕೆ ಚಾಚಿ ತೆರೆದು ಹಿಡಿದಾಗ ಎಡಕ್ಕಿರುವ ಅಲಗು ಮೇಲಿದ್ದರೆ ಮಾತ್ರ ಅದು ನಿಜವಾದ ಎಡಗೈ ಕತ್ತರಿ. ಕತ್ತರಿಯನ್ನು ಮಗುಚಿ ನೋಡಿದರೂ ಇದು ಬದಲಾಗುವುದಿಲ್ಲ. ಎರಡೂ ಕೈಗೆ ಆಗುತ್ತದೆ ಎಂದು ಮಾರುವ ಹಲವು ಕತ್ತರಿಗಳಲ್ಲಿ ಹಿಡಿಯ ಆಕಾರವಷ್ಟೇ ಸಮವಾಗಿರುತ್ತದೆ, ಅಲಗುಗಳು ಬಲಗೈಯವೇ. ಫಿನ್‌ಲ್ಯಾಂಡಿನ ಫಿಸ್ಕರ್ಸ್ ಕಂಪನಿ 1967ರಿಂದ ಮಾಡುತ್ತಿರುವ ಕಿತ್ತಳೆ ಹಿಡಿಯ ಕತ್ತರಿಯಲ್ಲಿ ಎಡಗೈ ಮಾದರಿಯೂ ಇದೆ. ನಾನು ಎಂಟು ಅಂಗುಲದ್ದನ್ನು ತರಿಸಿಕೊಂಡೆ. ಅಪ್ಲಿಕ್ ಕತ್ತರಿ ಕೊಳ್ಳುವಾಗಲೂ ಇದನ್ನೇ ನೋಡಿ. ಅಲ್ಲಿಯವರೆಗೆ, ಕತ್ತರಿಸುವಾಗ ಹೆಬ್ಬೆರಳಿನಿಂದ ಹಿಡಿಯನ್ನು ಬೇಕೆಂದೇ ಅಂಗೈಯ ಕಡೆಗೆ ಎಳೆದುಕೊಳ್ಳಿ. ಬಹಳ ಹೊತ್ತು ಮಾಡಿದರೆ ಹೆಬ್ಬೆರಳಿನ ಬುಡ ನೋಯುತ್ತದೆ, ಆದರೆ ಕಾರಣ ಇದೇ ಹೌದೋ ಅಲ್ಲವೋ ಎಂಬುದು ಕೂಡಲೇ ತಿಳಿಯುತ್ತದೆ.

ಮರುಉತ್ತರ: ಹಸಿರುದಾರ

ಮೂವರಿಗೂ ಧನ್ಯವಾದಗಳು. ಒಳಮೈಯಲ್ಲಿ ಉಜ್ಜಿದ ಗುರುತಿಲ್ಲ, ತಿರುಪೂ ಬಿಗಿಯಾಗಿಯೇ ಇದೆ. ಈಗಷ್ಟೇ ಜಾರ್ಜೆಟ್ ಚೂರೊಂದನ್ನು ಮೇಜಿನ ಮೇಲೆ ಹರಡಿ, ಹೆಬ್ಬೆರಳನ್ನು ಒಳಕ್ಕೆಳೆದು ಕತ್ತರಿಸಿದೆ. ಒಂದು ಗೇಣಿನಷ್ಟು ಉದ್ದ ಎಲ್ಲಿಯೂ ಮಡಚಿಕೊಳ್ಳದೆ ತುಂಡಾಯಿತು. ಹೆಬ್ಬೆರಳನ್ನು ಸಡಿಲ ಬಿಟ್ಟ ಕೂಡಲೇ ಮತ್ತೆ ಕಚ್ಚಿಕೊಂಡಿತು. ಎಡಗೈಯ ಎಂಟು ಅಂಗುಲದ್ದನ್ನು ಮೊದಲು ತರಿಸುತ್ತೇನೆ, ಉಳಿದ ಹಣಕ್ಕೆ ಅಪ್ಲಿಕ್ ಕತ್ತರಿ. ಮೈಸೂರಿನ ಅಕ್ಕನವರಲ್ಲಿ ಒಂದು ವಿನಂತಿ: ನಿಮ್ಮ ಅಪ್ಲಿಕ್ ಕತ್ತರಿಯ ಅಗಲ ಅಲಗು ಯಾವ ಬದಿಗಿದೆ ಎಂದು ನೋಡಿ ತಿಳಿಸುವಿರಾ?