ಅಪ್‌ಡೇಟ್: ‘ಬಾರೋ’, ‘ಲೆಂಡ್’ ಗೊಂದಲ ಬಗೆಹರಿಯಿತು

ಮೂರನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷಿನ ‘ಬಾರೋ’ (ಕಡ ತಗೊಳ್ಳುವುದು), ‘ಲೆಂಡ್’ (ಕಡ ಕೊಡುವುದು) ವ್ಯತ್ಯಾಸ ಹೇಗೆ ಹೇಳಿಕೊಡಲಿ ಎಂದು ಹೋದ ವಾರ ಇಲ್ಲಿ ಕೇಳಿದ್ದೆ. ‘ಮಿಸ್, ಬಾರೋ ಮಿ ಎರೇಸರ್’ ಎನ್ನುವುದು ನಿಲ್ಲುತ್ತಲೇ ಇರಲಿಲ್ಲ. ತಪ್ಪು ಅವರದ್ದಲ್ಲ ಬಿಡಿ. ನಮ್ಮಲ್ಲಿ ಕೊಟ್ಟರೂ ಕಡ, ತಗೊಂಡರೂ ಕಡ.

ನೀವು ಹೇಳಿದ ಹಾಗೆ ಅರ್ಥ ಬರೆಸುವುದು ಬಿಟ್ಟು ಆಟ ಆಡಿಸಿದೆ. ಕೊಡುವವರು ಕೈ ಮುಂದೆ ಚಾಚಿ ‘ಲೆಂಡ್’, ತಗೊಳ್ಳುವವರು ಕೈ ಎದೆಗೆ ಎಳೆದುಕೊಂಡು ‘ಬಾರೋ’. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಪಕ್ಕದವನ ಪೆನ್ಸಿಲ್‌ಗೆ ಕೈ ಬೀಸಿ, ‘ಬಾರೋ, ಬಾರೋ ಇಲ್ಲಿ!’ ಎಂದ. ಕ್ಲಾಸೆಲ್ಲ ನಗು. ನನ್ನ ಹತ್ತಿರ ಬಂದರೆ ಬಾರೋ, ಅಲ್ವಾ? ನನಗೇ ಹೊಳೆದಿರಲಿಲ್ಲ!

ನಿನ್ನೆ ಒಬ್ಬಳು ಬಂದು, ‘ಮಿಸ್, ಮೇ ಐ ಬಾರೋ ಯುವರ್ ಸ್ಕೇಲ್?’ ಎಂದಳು. ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ. ‘ಸೀ’, ‘ಲುಕ್’, ‘ವಾಚ್’ ಮೂರಕ್ಕೂ ‘ನೋಡು’ ಎನ್ನುವ ತಲೆನೋವು ಹಾಗೇ ಇದೆ.