ಪ್ರಶ್ನೋತ್ತರ ಸೈಟ್‌ಗೆ ಮೊದಲ ಜನ ಎಲ್ಲಿಂದ ಬರುತ್ತಾರೆ?

ತೋಟದ ಹುಡುಗ:
ಅಡಿಕೆ ಬೆಳೆಗಾರರಿಗಾಗಿ ಒಂದು ಪ್ರಶ್ನೋತ್ತರ ಸೈಟ್ ಮಾಡಿದ್ದೇನೆ. ಮೂರು ವಾರ ಆಯ್ತು. ಸದಸ್ಯರು 11 ಜನ. ಅದರಲ್ಲಿ ಅಪ್ಪ, ಚಿಕ್ಕಪ್ಪ, ನನ್ನ ಇಬ್ಬರು ರೂಮ್‌ಮೇಟ್‌ಗಳೂ ಸೇರಿದ್ದಾರೆ! ಪ್ರಶ್ನೆ ಇಲ್ಲ ಅಂತ ಉತ್ತರ ಹೇಳುವವರು ಬರುವುದಿಲ್ಲ, ಉತ್ತರ ಇಲ್ಲ ಅಂತ ಕೇಳುವವರು ಬರುವುದಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟಾಕ್ ಓವರ್‌ಫ್ಲೋದವರು ಶುರುವಿನಲ್ಲಿ ಇದನ್ನು ಹೇಗೆ ದಾಟಿದರು?

ಹಳೇ ಕೋಡರ್:
2008ರಲ್ಲಿ ನಾನು ಬೆಂಗಳೂರಿನಲ್ಲಿ ಡಾಟ್‌ನೆಟ್ ಕೆಲಸಕ್ಕೆ ಹೊಸಬ. ಎರರ್ ಬಂತು ಅಂತ ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಸಿಗುತ್ತಿದ್ದ ಸೈಟು ಉತ್ತರವನ್ನು ಮುಚ್ಚಿಟ್ಟು ದುಡ್ಡು ಕೇಳುತ್ತಿತ್ತು. ಪುಟದ ಕೊನೇವರೆಗೂ ಇಳಿದರೆ ಉತ್ತರ ಇರುತ್ತೆ ಅಂತ ಪಕ್ಕದ ಸೀಟಿನವರು ಗುಟ್ಟಾಗಿ ಹೇಳಿಕೊಟ್ಟಿದ್ದರು. ಆಗ ಎಲ್ಲರಿಗೂ ಇದೇ ಕಿರಿಕಿರಿ.

ಸ್ಟಾಕ್ ಓವರ್‌ಫ್ಲೋ ಶುರು ಮಾಡಿದ್ದು ಇಬ್ಬರು ಬ್ಲಾಗರ್‌ಗಳು. ಜೆಫ್ ಅಟ್‌ವುಡ್ 2004ರಿಂದ 'ಕೋಡಿಂಗ್ ಹಾರರ್' ಬ್ಲಾಗ್ ಬರೆಯುತ್ತಿದ್ದರು. ಜೋಯೆಲ್ ಸ್ಪೋಲ್ಸ್ಕಿ ತಮ್ಮ ಬ್ಲಾಗನ್ನು ಅದಕ್ಕೂ ಮೊದಲಿನಿಂದ, 2000ದಿಂದ. ನಮ್ಮ ಆಫೀಸಿನಲ್ಲೇ ಇಬ್ಬರನ್ನೂ ತಪ್ಪದೆ ಓದುವವರಿದ್ದರು. 2008ರ ಏಪ್ರಿಲ್‌ನಲ್ಲಿ ಸೈಟೇ ಇರಲಿಲ್ಲ. ಆಗಲೇ ಹೆಸರು ಯಾವುದಿರಲಿ ಅಂತ ಅಟ್‌ವುಡ್ ಓದುಗರ ಹತ್ತಿರ ವೋಟ್ ಹಾಕಿಸಿದರು. ಇಬ್ಬರೂ ಫೋನಿನಲ್ಲಿ ಸೈಟ್ ಬಗ್ಗೆ ಮಾತಾಡಿ, ಜಗಳ ಆಡಿದ್ದನ್ನೂ ಬಿಡದೆ ಪಾಡ್‌ಕಾಸ್ಟ್ ಆಗಿ ಹಾಕಿದರು. ಆಗಸ್ಟ್ ಹೊತ್ತಿಗೆ ಈ ಓದುಗರೇ ಬೀಟಾದೊಳಗೆ (ಎಲ್ಲರಿಗೂ ತೆರೆಯುವ ಮೊದಲಿನ ಪರೀಕ್ಷಾ ಸೈಟು) ಕೂತು ಪ್ರಶ್ನೆ ಕೇಳುತ್ತಿದ್ದರು. ಸೆಪ್ಟೆಂಬರ್ 15ಕ್ಕೆ ಎಲ್ಲರಿಗೂ ತೆರೆದ ಮೇಲೆ ಹೋದವನು ನಾನು. ಅಷ್ಟರಲ್ಲಿ ನನ್ನಂಥವನಿಗೆ ಬೇಕಾದ ಉತ್ತರಗಳು ಅಲ್ಲಿದ್ದವು, ಓದಲು ಲಾಗಿನ್ ಕೂಡ ಬೇಡ. ಒಳ್ಳೆ ಉತ್ತರಕ್ಕೆ ಸಿಗುವ ಪಾಯಿಂಟು, ಬ್ಯಾಡ್ಜು ಎಲ್ಲ ಜನರನ್ನು ಹಿಡಿದಿಟ್ಟವು ನಿಜ. ಆದರೆ ಕರೆತಂದದ್ದು ಅವಲ್ಲ.

ಗಣಿತದ ಮೇಡಂ:
ಗಣಿತದ ಪ್ರಶ್ನೋತ್ತರ ಸೈಟ್ ಮ್ಯಾಥ್‌ಓವರ್‌ಫ್ಲೋ ನೋಡಿ. 2009ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳು ಶುರು ಮಾಡಿದ್ದು. ಸಂಶೋಧನೆ ಮಟ್ಟದ ಗಣಿತ ಮಾತ್ರ, ಮನೆಪಾಠದ ಲೆಕ್ಕಕ್ಕೆ ಜಾಗವಿಲ್ಲ. ಚಿಕ್ಕ ಲೋಕ, ಒಬ್ಬರಿಗೊಬ್ಬರು ಪರಿಚಯ. ಟೆರೆನ್ಸ್ ಟಾವ್ ಅಂಥ ಹೆಸರಾಂತ ಗಣಿತಜ್ಞರೂ ಬಂದು ಉತ್ತರ ಬರೆದರು.

ಸುಮ್ನೆ ಒಬ್ಬ:
ಇಷ್ಟೆಲ್ಲ ಯಾಕೆ? ನಾಲ್ಕು ಸುಳ್ಳು ಹೆಸರಲ್ಲಿ ನೀವೇ ಪ್ರಶ್ನೆ ಹಾಕಿ. ಲಿಂಕ್ ಹಂಚಿಕೊಂಡು ಚರ್ಚಿಸುವ ಸೈಟ್ ರೆಡಿಟ್ ಶುರು ಮಾಡಿದವರೇ ಹಾಗೆ ಮಾಡಿದ್ದಾಗಿ ಒಪ್ಪಿಕೊಂಡಿದ್ದಾರೆ.

ಹಳೇ ಕೋಡರ್:
ರೆಡಿಟ್‌ನಲ್ಲಿ ಹಾಕಿದ್ದು ಲಿಂಕ್. ಅಡಿಕೆಗೆ ತಪ್ಪು ಔಷಧಿ ಹೇಳಿದರೆ ಫಸಲು ಹೋಗುತ್ತೆ ಮಾರಾಯ್ರೆ. ಹುಡುಗಾ, ನಿಮ್ಮೂರ ಕಡೆ ಜನ ಈಗ ಯಾರನ್ನು ಕೇಳುತ್ತಾರೆ? ಮೊದಲು ಅವರನ್ನು ಹಿಡಿ.

ತೋಟದ ಹುಡುಗ:
ಸರ್, ಮಳೆಗಾಲ ಬಂದರೆ ಚಿಕ್ಕಪ್ಪನಿಗೆ ಫೋನ್ ಮೇಲೆ ಫೋನ್. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯೋದು, 100 ಲೀಟರಿಗೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಅಂತ. ಅವರನ್ನು ನಾನು ಬರೀ ಲೆಕ್ಕ ತುಂಬಿಸೋಕೆ ಸೇರಿಸಿದ್ದೆ.