ಜೀರುಂಡೆ ಯಾವುದು, ದುಂಬಿ ಯಾವುದು? ಫೋಟೊ ಕೆಳಗೆ ಏನಂತ ಬರೆಯಲಿ?

ಗೆಳೆಯರೇ,

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಅದು ಮೂರು ನಾಲ್ಕು ಪದಗಳಾಯಿತು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಹಾಸನದ ನಮ್ಮ ಮನೆಯೊಳಗೆ ಸಿಗುವ ಹುಳಗಳ ಫೋಟೊ ತೆಗೆಯುವುದು ಎರಡು ವರ್ಷದಿಂದ ನನಗೆ ಹತ್ತಿರುವ ಗೀಳು. ಅಕ್ಕಿ ಡಬ್ಬ, ಬಚ್ಚಲ ಗೋಡೆ, ಹಳೇ ಬಾಗಿಲ ಚೌಕಟ್ಟು, ಮಳೆಗಾಲದಲ್ಲಿ ಟ್ಯೂಬ್‌ಲೈಟಿನ ಕೆಳಗಿನ ನೆಲ, ಇಷ್ಟೇ ನನ್ನ ಕಾಡು. ಮ್ಯಾಕ್ರೋ ಲೆನ್ಸ್ ಒಂದಿದೆ. ಪ್ರತಿ ಫೋಟೊ ಕೆಳಗೂ ಕನ್ನಡದ ಹೆಸರೇ ಇರಬೇಕು ಅಂತ ನನ್ನ ಆಸೆ. ಜಿರಳೆ, ತಿಗಣೆ, ಇರುವೆ, ಜೇಡ ಇವಕ್ಕೆಲ್ಲ ಯೋಚನೆಯೇ ಬೇಕಿಲ್ಲ. ಕೈ ತಡೆಯುವುದು ಬೀಟಲ್, ಅಂದರೆ ಗಟ್ಟಿ ರೆಕ್ಕೆ ಬೆನ್ನ ಮೇಲೆ ಮುಚ್ಚಿಕೊಂಡಿರುವ ಹುಳ, ಬಂದಾಗ.

ಮೊನ್ನೆ ಅಕ್ಕಿಯಲ್ಲಿ ಸಿಗುವ ಮೂತಿಹುಳದ ಫೋಟೊ ತೆಗೆದೆ. ಬರಿಗಣ್ಣಿಗೆ ಅದೊಂದು ಕಂದು ಚುಕ್ಕೆ, 2 ರಿಂದ 3 ಮಿಲಿಮೀಟರ್ ಉದ್ದ ಅಷ್ಟೆ. ಲೆನ್ಸಿನಲ್ಲಿ ನೋಡಿದರೆ ಆನೆಯ ಹಾಗೆ ಮುಂದಕ್ಕೆ ಚಾಚಿದ ಸೊಂಡಿಲು. ಸೊಂಡಿಲಿನ ಬುಡದ ಹತ್ತಿರದಿಂದ ಮೊಣಕೈ ಮಡಚಿದಂತೆ ಬಾಗಿದ ಎರಡು ಮೀಸೆ. ಬೆನ್ನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳ ಸಾಲು, ಜೊತೆಗೆ ಕೆಂಪು ಛಾಯೆಯ ನಾಲ್ಕು ಮಚ್ಚೆ. ನಾವು ಮೊರದಲ್ಲಿ ಕೇರಿ ಹೊರಗೆ ಹಾಕುವ ಹುಳಕ್ಕೆ ಇಷ್ಟೊಂದು ಕೆತ್ತನೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಶಾಲೆಯಲ್ಲಿ ಬೀಟಲ್ ಅಂದರೆ ಜೀರುಂಡೆ ಅಂತ ಕಲಿತಿದ್ದೆ. ಹಾಗಾಗಿ ಕೆಳಗೆ 'ಅಕ್ಕಿ ಜೀರುಂಡೆ' ಅಂತ ಬರೆದು ಅಮ್ಮನಿಗೆ ತೋರಿಸಿದೆ. ಅಮ್ಮನ ತವರು ಮೂಡಿಗೆರೆ ಕಡೆ. "ಜೀರುಂಡೆ ಅಕ್ಕಿ ಡಬ್ಬದಲ್ಲಿ ಎಲ್ಲಿರುತ್ತೋ? ಅದು ಮರದ ಮೇಲೆ ಕೂತು ಕೂಗೋದು" ಅಂದರು.

ಅಮ್ಮ ಹೇಳುವುದು ಸರಿ ಅಲ್ವಾ? ಮಲೆನಾಡಿನಲ್ಲಿ ಮಳೆಗೆ ಮುಂಚೆ ಇಡೀ ತೋಟ ಕಿವಿಗಡಚಿಕ್ಕುವ ಹಾಗೆ 'ಜೀರ್' ಅನ್ನುತ್ತದಲ್ಲ, ಅವರಿಗೆ ಜೀರುಂಡೆ ಅಂದರೆ ಅದೇ. ಇಂಗ್ಲಿಷಿನಲ್ಲಿ ಅದು ಸಿಕಾಡ. ಕೂಗುವುದು ಗಂಡು ಮಾತ್ರ. ಹೊಟ್ಟೆಯ ಎರಡು ಪಕ್ಕದಲ್ಲಿ ತಮಟೆಯ ಚರ್ಮದಂಥ ಪೊರೆ ಇದೆ, ಅದನ್ನು ಒಳಗಿನ ಸ್ನಾಯು ಎಳೆದು ಬಿಟ್ಟು ಸದ್ದು ಬರಿಸುತ್ತದೆ. ಬಾಯಿ ಸೂಜಿಯ ಹಾಗೆ, ಕುಡಿಯುವುದು ಮರದ ರಸ. ರೆಕ್ಕೆ ಗಾಜಿನಂತೆ ಪಾರದರ್ಶಕ. ಕುಲದ ಲೆಕ್ಕದಲ್ಲಿ ಅದು ನಮ್ಮ ತಿಗಣೆಗೆ ದಾಯಾದಿ, ಮೂತಿಹುಳಕ್ಕೆ ಏನೂ ಆಗಬೇಕಿಲ್ಲ. ಎರಡಕ್ಕೂ ಒಂದೇ ಹೆಸರು ಬಂದಿದ್ದು ಹೇಗೆ?

ನನ್ನ ಊಹೆ ಹೀಗಿದೆ, ಬಲ್ಲವರು ತಿದ್ದಿ. 'ಜೀರ್' ಅನ್ನುವುದು ಸದ್ದಿನ ಮಾತು. ಹುಳ ಯಾವ ಜಾತಿಯದು ಅಂತ ಯಾರೂ ನೋಡಲಿಲ್ಲ, ಕಿವಿಗೆ ಬಿದ್ದದ್ದನ್ನು ಹೆಸರು ಮಾಡಿದರು. ರೆಕ್ಕೆ ಬಡಿದು 'ಜೀರ್' ಅಂತ ಹಾರಿ ಬಲ್ಬಿಗೆ ಡಿಕ್ಕಿ ಹೊಡೆಯುವ ದಪ್ಪ ಬೀಟಲ್ ಕೂಡ ಆ ಹೆಸರಿಗೆ ತಕ್ಕದ್ದೇ. ಆದರೆ ಅಕ್ಕಿಯ ಮೂತಿಹುಳ ನಮ್ಮ ಕಿವಿಗೆ ಕೇಳುವಂತೆ ಏನೂ ಮಾಡುವುದಿಲ್ಲ. ಅದನ್ನು ಜೀರುಂಡೆ ಅಂದರೆ ಅಮ್ಮನಿಗೆ ಇರುಸುಮುರುಸಾಗುವುದು ಸಹಜ.

ಇದೇ ಸದ್ದಿನಿಂದ ಹುಟ್ಟಿದ ಇನ್ನೊಂದು ಹೆಸರು ಜೀರ್ಜಿಂಬೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ಬೆಂಕಿಪೊಟ್ಟಣದಲ್ಲಿ ಸಾಕಿದ್ದೀರಿ? ನಾವು ಜಾಲಿ ಗಿಡದಿಂದ ಹಿಡಿದು ತಂದು, ಸೊಪ್ಪು ಹಾಕಿ, ಬೆಳಿಗ್ಗೆ ಎದ್ದ ತಕ್ಷಣ ಮೊಟ್ಟೆ ಇಟ್ಟಿದೆಯಾ ಅಂತ ನೋಡುತ್ತಿದ್ದೆವು. ಕತ್ತಿನ ಮೇಲೆ ಆ ಹಸಿರು ಹೊಳಪು! ಹೊಳಪಿಗೆ ಕಾರಣ ಬಣ್ಣದ ಪುಡಿಯಲ್ಲ. ಚಿಪ್ಪಿನಲ್ಲಿ ಒಂದರ ಮೇಲೊಂದು ತೆಳು ಪದರಗಳಿವೆ, ಅವುಗಳಿಗೆ ತಾಗಿದ ಬೆಳಕು ಹಸಿರಾಗಿ ತಿರುಗಿ ಬರುತ್ತದೆ. ಹುಳ ಸತ್ತ ಮೇಲೂ ಬಣ್ಣ ಮಾಸದೆ ಇರುವುದು ಅದಕ್ಕೇ. ಫೋಟೊ ತೆಗೆಯುವಾಗ ಇದು ಜಾಸ್ತಿ ಕಾಡಿಸುತ್ತದೆ. ಫ್ಲ್ಯಾಶ್ ನೇರವಾಗಿ ಬಿಟ್ಟರೆ ಬೆನ್ನ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ ಬೀಳುತ್ತದೆ. ಮುಂದೆ ಒಂದು ಟ್ರೇಸಿಂಗ್ ಪೇಪರ್ ಹಿಡಿದರೆ ಬೆಳಕು ಹದವಾಗಿ ಹಸಿರು ಏಳುತ್ತದೆ. ಇದಕ್ಕೆ ಜೀರ್ಜಿಂಬೆ ಬಿಟ್ಟು ಬೇರೆ ಹೆಸರು ಹಾಕಲು ನನಗೆ ಮನಸ್ಸಿಲ್ಲ.

ಇನ್ನು ದುಂಬಿ. ಕೃಷಿ ಪುಸ್ತಿಕೆಗಳಲ್ಲಿ ಬೀಟಲ್‌ಗೆ ದುಂಬಿ ಅಂತ ಧಾರಾಳವಾಗಿ ಬರೆಯುತ್ತಾರೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ಹುಳಕ್ಕೆ 'ರೈನೋಸಿರಸ್ ದುಂಬಿ' ಅನ್ನುತ್ತಾರೆ, 'ಕುರುವಾಯಿ ಕೀಟ' ಅಂತಲೂ ಅನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ದುಂಬಿ ಅಂದರೆ ತೊಲೆಗೆ, ಬಿದಿರಿಗೆ ಗುಂಡಗೆ ತೂತು ಕೊರೆಯುವ ಕರೀ ದುಂಬಿ. ಅದು ಜೇನಿನ ಬಳಗ. ಕಾವ್ಯದಲ್ಲಿ ಹೂವಿನ ಸುತ್ತ ಸುಳಿಯುವ ದುಂಬಿಯೂ ಆ ಬಳಗದ್ದೇ. ಅಷ್ಟು ಹಳೆಯ ಅರ್ಥ ಜೀವಂತ ಇರುವಾಗ ಅದೇ ಪದದ ಮೇಲೆ ಬೀಟಲ್ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಕುರುವಾಯಿ ಅನ್ನುವ ಹೆಸರು ಇದ್ದೇ ಇದೆಯಲ್ಲ, ಅದು ಸಾಲದೇ?

ಜನ ಇಟ್ಟ ಹೆಸರುಗಳನ್ನು ನೋಡುತ್ತಾ ಹೋದರೆ ನನಗೆ ಒಂದು ವಿಷಯ ಕಾಣುತ್ತದೆ. ಮನೆಮಾತಿನಲ್ಲಿ ಬೀಟಲ್ ಅನ್ನುವ ಗುಂಪೇ ಇಲ್ಲ. ಹುಳ ಏನು ಮಾಡುತ್ತದೆ, ಹೇಗೆ ಕಾಣುತ್ತದೆ, ಅದರಿಂದ ಹೆಸರು ಬರುತ್ತದೆ. ಮರ ಕುಟ್ಟಿ ಹಿಟ್ಟು ಉದುರಿಸಿದರೆ ಕುಟ್ಟೆ. ಕತ್ತಲಲ್ಲಿ ಮಿಂಚಿದರೆ ಮಿಂಚುಹುಳ. ಸಗಣಿಯಲ್ಲಿದ್ದರೆ ಸಗಣಿಹುಳ. ಕೆಂಪು ಮೈಗೆ ಕಪ್ಪು ಚುಕ್ಕೆ ಇದ್ದರೆ ಗುಲಗಂಜಿ ಹುಳ, ಎಂಥ ಚಂದದ ಹೆಸರು ಅದು! ಇವೆಲ್ಲ ಬೀಟಲ್‌ಗಳೇ. ಕಾಫಿ ತೋಟದವರಂತೂ ನೇರವಾಗಿ 'ಬೋರರ್' ಅನ್ನುತ್ತಾರೆ. ಅರೇಬಿಕಾ ಕಾಂಡ ಕೊರೆಯುವುದೂ ಬೋರರ್, ಹಣ್ಣಿಗೆ ತೂತು ಹಾಕುವುದೂ ಬೋರರ್. ಎರಡೂ ಬೀಟಲ್, ಆದರೆ ಬೇರೆ ಬೇರೆ. ಕಾಂಡಕೊರಕ, ಕಾಯಿಕೊರಕ ಅನ್ನುವ ಪದಗಳನ್ನು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಸುತ್ತಮುತ್ತ ಮಾತಿನಲ್ಲಿ ಬಳಸುವವರು ಇದ್ದರೆ ತಿಳಿಸಿ.

ಅರಸೀಕೆರೆಯಲ್ಲಿ ಅತ್ತೆ ಮನೆಗೆ ಹೋದಾಗ ಇನ್ನೊಂದು ಸಿಕ್ಕಿತು. ಹೆಸರುಕಾಳು ಆರಿಸುತ್ತಿದ್ದ ಅತ್ತೆ, "ಇದಕ್ಕೆ ಹುಳ ಹತ್ತುತ್ತೆ, ಮೇಲೆ ಬಿಳಿ ಚುಕ್ಕೆ ಇದೆ ನೋಡಿ" ಅಂದರು. ಲೆನ್ಸ್ ಹಿಡಿದೆ. ಆ ಚುಕ್ಕೆ ಮೊಟ್ಟೆ! ಕಾಳಿನ ಸಿಪ್ಪೆಗೆ ಅಂಟು ಹಾಕಿ ಕೂರಿಸಿದಂತಿತ್ತು. ಮರಿಹುಳ ಅದರ ಅಡಿಯಿಂದಲೇ ಕಾಳಿನೊಳಗೆ ಇಳಿಯುತ್ತದೆ, ಒಳಗೇ ತಿಂದು ಬೆಳೆಯುತ್ತದೆ, ಕೊನೆಗೆ ಗುಂಡನೆಯ ಬಾಗಿಲು ತೆರೆದು ಹೊರಗೆ ಬರುತ್ತದೆ. ಅತ್ತೆಗೆ ಲೆನ್ಸ್ ಇಲ್ಲದೆಯೇ ಚುಕ್ಕೆಗೂ ಹುಳಕ್ಕೂ ಇರುವ ನಂಟು ಗೊತ್ತಿತ್ತು. ಆದರೆ ಹೆಸರು ಕೇಳಿದರೆ "ಕಾಳಿನ ಹುಳ" ಅಂದರು ಅಷ್ಟೆ. ಆ ಚುಕ್ಕೆಗೇ ಯಾವುದಾದರೂ ಊರಲ್ಲಿ ಹೆಸರಿದೆಯೇ? ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಕೊನೆಯದು ರೆಕ್ಕೆಯ ವಿಷಯ. ಬೀಟಲ್‌ಗಳನ್ನೆಲ್ಲ ಒಂದು ಮಾಡುವುದು ಅದರ ಮುಂದಿನ ಜೋಡಿ ರೆಕ್ಕೆ. ಅದು ಗಟ್ಟಿಯಾಗಿ, ಬೆನ್ನ ಮೇಲೆ ಎರಡು ಹೋಳಾಗಿ ಮುಚ್ಚಿಕೊಂಡಿರುತ್ತದೆ. ನಡುವೆ ನೇರ ಗೆರೆ. ಹಾರುವಾಗ ಹೋಳು ಎತ್ತಿ, ಒಳಗೆ ಮಡಚಿಟ್ಟ ತೆಳು ರೆಕ್ಕೆ ಬಿಚ್ಚುತ್ತದೆ. ವಿಜ್ಞಾನಿಗಳು ಇಟ್ಟ 'ಕೋಲಿಯಾಪ್ಟೆರಾ' ಅನ್ನುವ ಗ್ರೀಕ್ ಹೆಸರಿಗೂ ಒರೆಯಂಥ ರೆಕ್ಕೆ ಅಂತಲೇ ಅರ್ಥ, ಕತ್ತಿಯ ಒರೆ ಇದೆಯಲ್ಲ ಅದು. ಆ ಗಟ್ಟಿ ರೆಕ್ಕೆಗೆ ಏನು ಹೇಳೋಣ? 'ಒರೆರೆಕ್ಕೆ' ಅರ್ಥಕ್ಕೆ ಹತ್ತಿರ, ಆದರೆ ಎರಡು 'ರೆ' ಬಾಯಲ್ಲಿ ಡಿಕ್ಕಿ ಹೊಡೆಯುತ್ತವೆ. 'ಕವಚ ರೆಕ್ಕೆ' ಪುಸ್ತಕದ ಹಾಗಿದೆ. ನಾನು ಸದ್ಯಕ್ಕೆ 'ಚಿಪ್ಪುರೆಕ್ಕೆ' ಅಂತ ಬರೆಯುತ್ತಿದ್ದೇನೆ. ಇಡೀ ಗುಂಪಿಗೆ 'ಚಿಪ್ಪುರೆಕ್ಕೆ ಹುಳ'. ಒಂದೊಂದಕ್ಕೆ ಮನೆಯ ಹೆಸರೇ: ಕುಟ್ಟೆ, ಮೂತಿಹುಳ, ಜೀರ್ಜಿಂಬೆ. ಜೀರುಂಡೆಯನ್ನು ಮರದ ಮೇಲೆ ಕೂಗುವುದಕ್ಕೇ ಬಿಟ್ಟಿದ್ದೇನೆ.

ನಿಮ್ಮ ಕಡೆ ಜೀರುಂಡೆ ಅಂದರೆ ಕಣ್ಣ ಮುಂದೆ ಯಾವುದು ಬರುತ್ತದೆ? ಊರಿನ ಹೆಸರು, ಸಾಧ್ಯವಾದರೆ ಹೇಳಿದವರ ವಯಸ್ಸು ಕೂಡ ಸೇರಿಸಿ ಬರೆಯಿರಿ. ಚಿಪ್ಪುರೆಕ್ಕೆಗಿಂತ ಒಳ್ಳೆಯ ಪದ ಹೊಳೆದರೆ ಅದನ್ನೂ ಕಳಿಸಿ. ಮೂತಿಹುಳದ ಫೋಟೊ ಕೆಳಗೆ ಈಗ ಜಾಗ ಖಾಲಿ ಬಿಟ್ಟಿದ್ದೇನೆ.